ಮಹಾಸಭೆಗೆ ನೀವೇ ಬನ್ನಿ



ಹಸು ಮೇವು ಬಿಟ್ಟರೆ ಕೂಡಲೇ ನನಗೆ ಫೋನ್ ಮಾಡುತ್ತೀರಿ. ಸಂಘದ ಮಹಾಸಭೆಯ ನೋಟಿಸ್ ಬಂದರೆ ಮಾತ್ರ "ಮನೆಯವರು ಹೋಗ್ತಾರ ಬಿಡ್ರಿ ಡಾಕ್ಟ್ರೇ" ಎನ್ನುತ್ತೀರಿ. ಕುರುಗೋಡು ಸುತ್ತಲಿನ ಹಳ್ಳಿಗಳಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೇ ಈ ಸಲ ಕೆಚ್ಚಲು ಬಾವಿನ ಬದಲು ಸಭೆಯ ನಿಯಮಗಳನ್ನು ತಿಳಿಸುತ್ತೇನೆ.

ನಮ್ಮ ಹಾಲು ಸಂಘಗಳು ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಮತ್ತು ಸಂಘದ ಬೈಲಾ ಪ್ರಕಾರ.

ಯಾವಾಗ? ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಲ್ಲಿಂದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ ಮುಗಿಯುವ ಮೊದಲೇ, ವಾರ್ಷಿಕ ಮಹಾಸಭೆ ನಡೆಯಬೇಕು.

ನೋಟಿಸ್: ದಿನ, ವೇಳೆ, ಸ್ಥಳ, ಚರ್ಚೆಯ ವಿಷಯಗಳು ಅದರಲ್ಲಿರಬೇಕು. ಎಷ್ಟು ದಿನ ಮೊದಲು ಕೊಡಬೇಕು, ಕೋರಂಗೆ ಎಷ್ಟು ಸದಸ್ಯರು ಬೇಕು ಎಂಬುದು ಬೈಲಾದಲ್ಲಿದೆ. ಕಾರ್ಯದರ್ಶಿಯನ್ನು ಕೇಳಿ, ಓದಿಸಿಕೊಳ್ಳಿ.

ಏನು ತೀರ್ಮಾನ? ಆಡಿಟ್ ವರದಿ, ಲಾಭದ ಹಂಚಿಕೆ, ಮುಂದಿನ ವರ್ಷದ ಬಜೆಟ್. ನಿಮ್ಮ ಬೋನಸ್ ನಿಲ್ಲುವುದು ಈ ಲಾಭದ ಮೇಲೆಯೇ.

ಯಾರ ಮತ? ಒಬ್ಬ ಸದಸ್ಯೆಗೆ ಒಂದೇ ಮತ. ಒಂದು ಎಮ್ಮೆ ಇರಲಿ, ಹತ್ತು ಹಸು ಇರಲಿ, ಲೆಕ್ಕ ಒಂದೇ. ಆ ಮತವನ್ನು ಸದಸ್ಯೆಯೇ ಖುದ್ದಾಗಿ ಹಾಕಬೇಕು. ಪಾಸ್‌ಬುಕ್ ನಿಮ್ಮ ಹೆಸರಿನಲ್ಲಿದ್ದರೆ ಗಂಡನಾಗಲಿ ಮಗನಾಗಲಿ ನಿಮ್ಮ ಬದಲು ಮತ ಹಾಕುವಂತಿಲ್ಲ.

ನಾನು ಕಂಡ ಒಂದು ಮಾತು ಹೇಳುತ್ತೇನೆ. ಒಂದು ಊರಲ್ಲಿ ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲೇ ಪುಸ್ತಕ ಹಿಡಿದು ಸಹಿ ಮಾಡಿಸಿಕೊಂಡರು. ಸಭೆ ನಡೆಯಲೇ ಇಲ್ಲ. ಮುಂದೆ ಬೋನಸ್ ಕಡಿಮೆ ಬಂದಾಗ ಒಬ್ಬ ಅಕ್ಕ ಹೋಗಿ ಕೇಳಿದಳು. "ಲೆಕ್ಕಕ್ಕೆ ನೀವೇ ಒಪ್ಪಿದ್ದೀರಲ್ಲ" ಎಂದು ಅವಳದೇ ಸಹಿ ತೋರಿಸಿದರು. ಆಕೆಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಕ್ಯಾನ್ ಎತ್ತಿಕೊಂಡು ಮನೆಗೆ ನಡೆದಳು.

ಆದ್ದರಿಂದ ಹೀಗೆ ಮಾಡಿ:

1. ಸಭೆ ನಡೆಯುವ ಜಾಗದಲ್ಲಿ, ಸಭೆಯ ದಿನವೇ ಹಾಜರಿ ಸಹಿ ಮಾಡಿ. ಬೇರೆಲ್ಲೂ ಬೇಡ.
2. ಹೆಬ್ಬೆಟ್ಟು ಒತ್ತುವವರು ಬರೆದದ್ದನ್ನು ಮೊದಲು ಗಟ್ಟಿಯಾಗಿ ಓದಿಸಿ.
3. ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ. ಕೇಳಿದ್ದು, ತೀರ್ಮಾನವಾದದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ನೋಡಿ.
4. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಚುನಾವಣೆಗೆ ಮುಂಚೆಯೇ ವಿಚಾರಿಸಿ. ಸಭೆಗೆ ಬಾರದ, ಹಾಲು ಹಾಕದ ಸದಸ್ಯರು ಪಟ್ಟಿಯಿಂದ ಹೊರಗುಳಿದದ್ದುಂಟು.

ಸೆಪ್ಟೆಂಬರ್‌ನಲ್ಲಿ ಭತ್ತದ ಗದ್ದೆಯ ಕೆಲಸ ಇರುತ್ತದೆ, ಗೊತ್ತು. ಆದರೂ ಎರಡು ತಾಸು ಬಿಡುವು ಮಾಡಿಕೊಳ್ಳಿ. ಪಕ್ಕದ ಮನೆಯವರನ್ನೂ ಕರೆತನ್ನಿ. ಹಾಲು ಕರೆಯುವ ಕೈ ನಿಮ್ಮದು, ಲೆಕ್ಕ ಕೇಳುವ ಬಾಯಿಯೂ ನಿಮ್ಮದೇ ಆಗಲಿ.