ತೋಟಕ್ಕೆ ಹೋಗುವ ವಿದ್ಯುನ್ಮಂಡಲಕ್ಕೆ ಯಾವ ಬೋರ್ಡ್?

ತರಗತಿ: 10 | ಘಟಕ: ವಿದ್ಯುಚ್ಛಕ್ತಿ | ಅವಧಿ: 40 ನಿಮಿಷಗಳ 2 ತರಗತಿಗಳು

ಉದ್ದೇಶ: ವಿದ್ಯಾರ್ಥಿಯು ನಕ್ಷೆಯಲ್ಲಿನ ಸಂಧಿಬಿಂದುಗಳನ್ನು ಗುರುತಿಸಿ, ಅವಕ್ಕೆ ತಕ್ಕ ಬೋರ್ಡನ್ನು ಕಾರಣಸಹಿತ ಆರಿಸುವನು.

ಪೀಠಿಕೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ಅಟ್ಟದ ಕಾಯಿ ಅಲ್ಲಾಡಿಸಿ, ಒಳಗೆ ಸದ್ದಾದರೆ ಕೊಬ್ಬರಿ ಒಣಗಿದೆ ಎನ್ನುವುದು ಗೊತ್ತು. ತೆಂಗಿನ ಬುಡದ ಮಣ್ಣು ಒಂದಡಿ ಕೆಳಗೆ ಹಸಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಹಸಿಮಣ್ಣು ವಿದ್ಯುತ್ ಹರಿಸುತ್ತದೆ ಎಂಬ ಉತ್ತರದಿಂದ ಪಾಠ ಬೆಳೆಯುತ್ತದೆ.

ಮಂಡಲ: 9 ವೋಲ್ಟ್ ಬ್ಯಾಟರಿ, ಬಿಸಿ547 ಟ್ರಾನ್ಸಿಸ್ಟರ್, ಕೆಂಪು ಎಲ್‌ಇಡಿ, 470 ಓಮ್ ಮತ್ತು 1 ಕಿಲೋಓಮ್ ರೋಧಕಗಳು, ಎರಡು ಸ್ಟೀಲ್ ಕಡ್ಡಿ, ಒತ್ತುಗುಂಡಿ. ಕಡ್ಡಿಗಳ ನಡುವಿನ ಮಣ್ಣು ಹಸಿಯಿದ್ದರೆ ಬೇಸ್‌ಗೆ ಪ್ರವಾಹ ಹರಿದು ಎಲ್‌ಇಡಿ ಬೆಳಗುತ್ತದೆ. ಗುಂಡಿ ಒತ್ತಿದಾಗ ಮಾತ್ರ ಪ್ರವಾಹ ಹರಿಯುವುದರಿಂದ ಕಡ್ಡಿಗಳು ಬೇಗ ಸವೆಯವು.

ಹಂತ 1, ಬ್ರೆಡ್‌ಬೋರ್ಡ್: ಬೆಸುಗೆ ಬೇಡ, ತಪ್ಪಾದರೆ ಕಿತ್ತು ಮತ್ತೆ ಚುಚ್ಚಬಹುದು. ಯೋಚಿಸಲು ಇದೇ ಸರಿ. ಆದರೆ ಜೇಬಿನಲ್ಲಿಟ್ಟು ತೋಟ ಸುತ್ತಿದರೆ ತಂತಿ ಸಡಿಲವಾಗುತ್ತದೆ.

ಹಂತ 2, ಆಯ್ಕೆ: ಎರಡು ಬೋರ್ಡುಗಳನ್ನು ಮಕ್ಕಳ ಕೈಗೆ ಕೊಡಿ. ಎರಡರಲ್ಲೂ ರಂಧ್ರಗಳ ಅಂತರ 2.54 ಮಿ.ಮೀ. ಡಾಟ್ ಬೋರ್ಡಿನಲ್ಲಿ ಪ್ರತಿ ರಂಧ್ರವೂ ಬಿಡಿ; ಪ್ರತಿ ಜೋಡಣೆಗೂ ತಂತಿ ಎಳೆಯಬೇಕು. ಸ್ಟ್ರಿಪ್ ಬೋರ್ಡಿನಲ್ಲಿ ಒಂದು ತಾಮ್ರದ ಪಟ್ಟಿಯ ರಂಧ್ರಗಳೆಲ್ಲ ಮೊದಲೇ ಕೂಡಿವೆ. ಬೇಡವಾದಲ್ಲಿ ಪಟ್ಟಿಯನ್ನು ಕತ್ತರಿಸಬೇಕು.

ಈಗ ನಕ್ಷೆಯ ಸಂಧಿಗಳನ್ನು ಎಣಿಸಲಿ. ಒತ್ತುಗುಂಡಿಯನ್ನು ಬ್ಯಾಟರಿ ತಂತಿಯಲ್ಲೇ ಸೇರಿಸಿದರೆ ಬೋರ್ಡಿನ ಮೇಲೆ ಆರು ಸಂಧಿ, ಆರು ಪಟ್ಟಿ. ಒಂದನ್ನೂ ಕತ್ತರಿಸಬೇಕಿಲ್ಲ. ಒಂದೇ ಪಟ್ಟಿಯಲ್ಲಿರುವುದೆಲ್ಲ ಒಂದೇ ವಿಭವದಲ್ಲಿದೆ ಎಂಬ ಮಾತು ಕರಿಹಲಗೆಯ ಗೆರೆಗಿಂತ ಇಲ್ಲಿ ಸುಲಭವಾಗಿ ಮನದಟ್ಟಾಗುತ್ತದೆ. ಮೊದಲ ಬೆಸುಗೆಗೆ ಸ್ಟ್ರಿಪ್ ಬೋರ್ಡ್ ಆರಿಸಲು ಇದೇ ಕಾರಣ. ಡಾಟ್ ಬೋರ್ಡ್ ಕೈ ಪಳಗಿದ ಮೇಲೆ ಸಾಕು.

ವಸ್ತು: ಕಂದು ಬಣ್ಣದ ಫಿನಾಲಿಕ್ ಬೋರ್ಡ್ ಅಗ್ಗ, ಆದರೆ ತೇವ ಹೀರುತ್ತದೆ, ಹೆಚ್ಚು ಕಾಯಿಸಿದರೆ ತಾಮ್ರ ಏಳುತ್ತದೆ. ತೋಟಕ್ಕೆ ಗ್ಲಾಸ್ ಎಪಾಕ್ಸಿ ಬೋರ್ಡ್ ಲೇಸು. 63:37 ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎರಡು ಮೂರು ಸೆಕೆಂಡಿನ ಕಾವು ಸಾಕು. ಕಿಟಕಿ ತೆರೆದಿರಲಿ, ಕನ್ನಡಕವಿರಲಿ. ಸೀಸವಿರುವುದರಿಂದ ಕೈ ತೊಳೆದೇ ಊಟ.

ಮೌಲ್ಯಮಾಪನ:
1. ಟ್ರಾನ್ಸಿಸ್ಟರಿನ ಮೂರು ಕಾಲುಗಳನ್ನು ಒಂದೇ ಪಟ್ಟಿಯಲ್ಲಿ ಬೆಸೆದರೆ ಏನಾಗುತ್ತದೆ?
2. ಇನ್ನೊಂದು ಎಲ್‌ಇಡಿಯನ್ನು ಮೊದಲಿನದರೊಡನೆ ಸರಣಿಯಲ್ಲಿ ಸೇರಿಸಿದರೆ ಎಷ್ಟು ಪಟ್ಟಿ ಬೇಕು?

ಎರಡನೆಯದಕ್ಕೆ ‘ಏಳು’ ಎಂದು ಬೆರಳಿಟ್ಟು ತೋರಿಸಿದ ವಿದ್ಯಾರ್ಥಿಗೆ ಸರಣಿ ಜೋಡಣೆ ಅರ್ಥವಾಗಿದೆ. ವಿಜ್ಞಾನ ಮೇಳದ ಮೇಜಿನ ಮೇಲೆ ಒಂದು ದಿನ ಬೆಳಗಿ ಆರುವ ಮಾದರಿಗಿಂತ, ಮನೆಯವರು ನೀರು ಬಿಡುವ ಮುನ್ನ ಒತ್ತಿನೋಡುವ ಮಾದರಿ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ.