ಶಾಲಾ ಶಿಸ್ತು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ



ಸರ್ಕಾರಿ ಶಾಲೆಗಳಿಗೆ ಸಂಬಂಧಿಸಿ ಸದಸ್ಯರ ಬಳಿಗೆ ಬರುವ ದೂರುಗಳಲ್ಲಿ ಎರಡು ಬಗೆಯವು ಕಟ್ಟಡಕ್ಕಾಗಲಿ ನೀರಿಗಾಗಲಿ ಸೇರಿದವಲ್ಲ. ಮೊದಲನೆಯದು ಶಾಲೆಯಿಂದ ಬರುವುದು: “ಈ ಹುಡುಗ ಮಾತು ಕೇಳುತ್ತಿಲ್ಲ, ಟಿ.ಸಿ. ತೆಗೆದುಕೊಂಡು ಹೋಗುವಂತೆ ಅವರ ಮನೆಯವರಿಗೆ ಹೇಳಿ.” ಎರಡನೆಯದು ಪೋಷಕರಿಂದ ಬರುವುದು: “ಮೇಷ್ಟ್ರು ಮಗುವಿಗೆ ಹೊಡೆದಿದ್ದಾರೆ, ಬಂದು ಕೇಳಿ.” ಎರಡೂ ಸಂದರ್ಭಗಳಲ್ಲಿ ಸದಸ್ಯರು ಸದುದ್ದೇಶದಿಂದಲೇ ಮುಂದಾಗುತ್ತಾರೆ. ಆದರೆ ಕಾನೂನನ್ನು ತಿಳಿಯದೆ ಮಾಡಿಸಿದ ರಾಜಿಯಿಂದ ಮಗು ಶಾಲೆಯನ್ನೇ ಬಿಡುವ ಅಪಾಯವಿದೆ. ಸದಸ್ಯರು ಅರಿತಿರಬೇಕಾದ ಅಂಶಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಕಾನೂನು ಏನು ಹೇಳುತ್ತದೆ?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009, ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಇದು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ 1ರಿಂದ 8ನೇ ತರಗತಿಯವರೆಗಿನ ಶಿಕ್ಷಣಕ್ಕೆ ಅನ್ವಯಿಸುತ್ತದೆ. ಶಿಸ್ತಿನ ವಿಷಯದಲ್ಲಿ ಇದರ ಮೂರು ಪ್ರಕರಣಗಳು ಮುಖ್ಯ.

ಪ್ರಕರಣ 17: ಯಾವುದೇ ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡುವಂತಿಲ್ಲ. ಉಲ್ಲಂಘಿಸಿದವರು ಸೇವಾ ನಿಯಮಗಳನ್ವಯ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ.

ಪ್ರಕರಣ 16: ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಗಳ ಪರೀಕ್ಷೆಗೆ ಸಂಬಂಧಿಸಿದ್ದು. ಹೊರಹಾಕಬಾರದೆಂಬ ನಿಯಮ ಹಾಗೆಯೇ ಉಳಿದಿದೆ.

ಪ್ರಕರಣ 9: ತನ್ನ ವ್ಯಾಪ್ತಿಯ ಪ್ರತಿ ಮಗುವಿನ ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣ ಪೂರ್ಣಗೊಳ್ಳುವುದನ್ನು ಖಚಿತಪಡಿಸಿಕೊಳ್ಳುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಕಾಯ್ದೆಯ ವ್ಯಾಖ್ಯೆಯಲ್ಲಿ ಪಂಚಾಯಿತಿಯೂ ಸ್ಥಳೀಯ ಪ್ರಾಧಿಕಾರವೇ.

ಹೀಗಾಗಿ “ಮಗುವಿನ ನಡತೆ ಸರಿಯಿಲ್ಲ” ಎಂಬ ಕಾರಣಕ್ಕೆ ಪೋಷಕರ ಮನವೊಲಿಸಿ ಟಿ.ಸಿ. ಕೊಡಿಸುವುದು ಹೊರಹಾಕುವುದರ ಇನ್ನೊಂದು ರೂಪವೇ ಆಗುತ್ತದೆ. ಅದರಲ್ಲಿ ಸದಸ್ಯರು ಭಾಗಿಯಾಗತಕ್ಕದ್ದಲ್ಲ.

2. ಹೊಡೆಯದೆ ಶಿಸ್ತು ಸಾಧ್ಯವೇ?

“ದಂಡಂ ದಶಗುಣಂ” ಎಂದು ನಂಬಿದ ಪೋಷಕರು ನಮ್ಮಲ್ಲಿ ಇಂದಿಗೂ ಇದ್ದಾರೆ. “ಎರಡು ಬಿಡಿ ಸಾರ್, ಬುದ್ಧಿ ಬರಲಿ” ಎಂದು ಅವರೇ ಶಿಕ್ಷಕರಿಗೆ ಹೇಳುವುದುಂಟು. ಪೋಷಕರ ಒಪ್ಪಿಗೆ ಇದ್ದ ಮಾತ್ರಕ್ಕೆ ಹೊಡೆಯುವುದು ಕಾನೂನುಬದ್ಧವಾಗುವುದಿಲ್ಲ. ಅಲ್ಲದೆ, ಪೆಟ್ಟು ಗದ್ದಲವನ್ನು ನಿಲ್ಲಿಸಬಹುದೇ ಹೊರತು ಗದ್ದಲದ ಕಾರಣವನ್ನಲ್ಲ. ಕೊಳವೆ ಬಾವಿಯ ನೀರು ನಿಂತಾಗ ನಾವು ವಿದ್ಯುತ್ ಇದೆಯೇ, ಮೋಟಾರು ಸುಟ್ಟಿದೆಯೇ, ಪೈಪು ಒಡೆದಿದೆಯೇ, ಅಂತರ್ಜಲವೇ ಇಳಿದಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಮಗುವಿನ ವಿಷಯದಲ್ಲಿಯೂ ಅಷ್ಟೇ ತಾಳ್ಮೆ ಬೇಕು.

7ನೇ ತರಗತಿಯ ಬಾಲಕನೊಬ್ಬ ಊಟದ ನಂತರ ತರಗತಿಗೆ ಬರುವುದಿಲ್ಲ, ಚಿಕ್ಕ ಮಕ್ಕಳನ್ನು ಹೊಡೆಯುತ್ತಾನೆ ಎಂದು ಭಾವಿಸೋಣ. ಅವನಿಗೆ ಇನ್ನೂ ಸರಾಗವಾಗಿ ಓದಲು ಬಾರದಿರಬಹುದು. ಅದನ್ನು ಮರೆಮಾಡಲು ತಪ್ಪಿಸಿಕೊಳ್ಳುತ್ತಿರಬಹುದು. ತಂದೆ ತಾಯಿ ದುಡಿಯಲು ಬೆಂಗಳೂರಿಗೆ ಹೋಗಿ, ಅವನು ಅಜ್ಜಿಯ ಮನೆಯಲ್ಲಿರಬಹುದು. ಕಣ್ಣು ಅಥವಾ ಕಿವಿಯ ತೊಂದರೆ ಇರಬಹುದು. ಮೊದಲನೆಯದಕ್ಕೆ ಪರಿಹಾರ ಬೋಧನೆ, ಎರಡನೆಯದಕ್ಕೆ ಮನೆಭೇಟಿ, ಮೂರನೆಯದಕ್ಕೆ ಆರೋಗ್ಯ ತಪಾಸಣೆ ಬೇಕು. ಈ ಯಾವುದಕ್ಕೂ ಬೆತ್ತ ಮದ್ದಲ್ಲ.

ತಪ್ಪಿಗೆ ಪರಿಣಾಮವೇ ಇರಬಾರದೆಂದು ಇದರ ಅರ್ಥವಲ್ಲ. ತಪ್ಪು ಮಾಡಿದ ಮಗುವನ್ನು ಪ್ರತ್ಯೇಕವಾಗಿ ಕೂರಿಸಿ ಮಾತನಾಡುವುದು, ನೋವುಂಡ ಮಗುವಿನ ಕ್ಷಮೆ ಕೇಳಿಸುವುದು, ಪೋಷಕರನ್ನು ಕರೆಸಿ ಚರ್ಚಿಸುವುದು, ಮಕ್ಕಳೇ ಸೇರಿ ಒಪ್ಪಿಕೊಂಡ ತರಗತಿ ನಿಯಮಗಳನ್ನು ನೆನಪಿಸುವುದು ಇವೆಲ್ಲ ಶಿಕ್ಷಕರ ಅಧಿಕಾರದಲ್ಲಿವೆ. ಬಿಸಿಲಿನಲ್ಲಿ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಬಿಸಿಯೂಟ ತಪ್ಪಿಸುವುದು, ಜಾತಿಯ ಅಥವಾ ಬಡತನದ ಮಾತೆತ್ತಿ ಹೀಯಾಳಿಸುವುದು ಸಲ್ಲವು.

3. ದೂರು ಬಂದಾಗ ಸದಸ್ಯರು ಏನು ಮಾಡಬೇಕು?

(ಅ) ನೇರವಾಗಿ ತರಗತಿಗೆ ನುಗ್ಗಿ ಮಕ್ಕಳ ಎದುರಿನಲ್ಲಿ ಶಿಕ್ಷಕರನ್ನು ಪ್ರಶ್ನಿಸಬಾರದು. ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಮಾತನಾಡಬೇಕು. ಶಿಕ್ಷಕರ ಗೌರವವೂ ಶಿಸ್ತಿನ ಒಂದು ಆಧಾರ.

(ಆ) ನಡತೆಯ ಸಮಸ್ಯೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಮುಂದೆ ಇರಿಸಬೇಕು. ಕಾಯ್ದೆಯ 21ನೇ ಪ್ರಕರಣದಂತೆ ಇಂಥ ಸಮಿತಿಯಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪೋಷಕರು ಮತ್ತು ಅರ್ಧದಷ್ಟು ಮಹಿಳೆಯರು ಇರಬೇಕು. ಮಗುವಿನ ಮಾತನ್ನೂ ಕೇಳಿ, ತೀರ್ಮಾನವನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು.

(ಇ) ಹೊಡೆದ ದೂರಾದರೆ ಲಿಖಿತವಾಗಿ ಪಡೆಯಬೇಕು. 32ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರವು ಸಂಬಂಧಪಟ್ಟವರ ಅಹವಾಲು ಕೇಳಿ 3 ತಿಂಗಳೊಳಗೆ ತೀರ್ಮಾನಿಸಬೇಕು. ಅತೃಪ್ತರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕಳುಹಿಸುವುದು ಸೂಕ್ತ.

(ಈ) ಲೈಂಗಿಕ ದೌರ್ಜನ್ಯದ ಸಂಶಯವಿದ್ದಲ್ಲಿ ರಾಜಿ ಪಂಚಾಯಿತಿಗೆ ಅವಕಾಶವೇ ಇಲ್ಲ. 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುವ ಪೋಕ್ಸೋ ಕಾಯ್ದೆ, 2012ರ 19ನೇ ಪ್ರಕರಣದಂತೆ, ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ಮಾಹಿತಿ ನೀಡಲೇಬೇಕು. ಮುಚ್ಚಿಡುವುದು ಶಿಕ್ಷಾರ್ಹ ಅಪರಾಧ. ಆಪತ್ತಿನಲ್ಲಿರುವ ಮಗುವಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

4. ಮುಂದಿನ ಸಾಮಾನ್ಯ ಸಭೆಯ ಚರ್ಚೆಗೆ

• ನಮ್ಮ ವ್ಯಾಪ್ತಿಯ ಪ್ರತಿ ಶಾಲೆಯಲ್ಲಿ ಎಸ್.ಡಿ.ಎಂ.ಸಿ. ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ?
• ಶೌಚಾಲಯದಲ್ಲಿ ನೀರು, ಆಡಲು ಅಂಗಳ ಇವೆಯೇ? ಇವಿಲ್ಲದ ಶಾಲೆಯಲ್ಲಿ ಮಕ್ಕಳು ಹೊರಗೆ ಅಲೆಯುವುದನ್ನು ಅಶಿಸ್ತು ಎನ್ನಲಾಗದು.
• ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ಶಿಕ್ಷೆಯ ಬಗ್ಗೆ ಹೇಳಿದ ಮಾತುಗಳು ನಡವಳಿಯಲ್ಲಿ ದಾಖಲಾಗಿವೆಯೇ?
• ಈ ವರ್ಷ ಟಿ.ಸಿ. ಪಡೆದ ಮಕ್ಕಳೆಷ್ಟು? ಅವರೆಲ್ಲರೂ ಬೇರೆ ಶಾಲೆಗೆ ಸೇರಿದ್ದಾರೆಯೇ?

ಕೊನೆಯ ಪ್ರಶ್ನೆಗೆ ಶಾಲೆಯ ದಾಖಲಾತಿ ವಹಿಯನ್ನು ನೋಡಿಯೇ ಉತ್ತರ ಬರೆಯಬೇಕು. ಟಿ.ಸಿ. ಪಡೆದ ಮಗುವಿನ ಹೆಸರು ಯಾವ ಶಾಲೆಯಲ್ಲಿಯೂ ಸಿಗದಿದ್ದರೆ ಆ ಮಗು ಕೂಲಿಗೆ ಹೋಗಿರಬಹುದು, ಹೆಣ್ಣುಮಗುವಾದರೆ ಮದುವೆಯ ಸಿದ್ಧತೆಯೂ ನಡೆದಿರಬಹುದು. ಅಂಥ ಮನೆಗೆ ಮೊದಲು ಭೇಟಿ ನೀಡಬೇಕಾದವರು ಆ ವಾರ್ಡಿನ ಸದಸ್ಯರು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ