ವೇಗ ಕೊಳ್ಳುವ ಮೊದಲು ಗೋಡೆ ನೋಡಿ

ತಿಂಗಳಿಗೆ ₹826. ಕಳೆದ ವರ್ಷ ನಮ್ಮ ಮನೆಯ ಇಂಟರ್‌ನೆಟ್ ಬಿಲ್ಲು ಒಂದೇ ಸಲಕ್ಕೆ ಏರಿದ್ದು ಇಷ್ಟು. 100 ಎಂಬಿಪಿಎಸ್‌ನ ₹799ರ ಪ್ಲಾನ್ ಬಿಟ್ಟು 300 ಎಂಬಿಪಿಎಸ್‌ನ ₹1,499ರ ಪ್ಲಾನಿಗೆ ಹೋದೆವು. ವ್ಯತ್ಯಾಸ ₹700, ಅದರ ಮೇಲೆ ಶೇ 18ರ ಜಿಎಸ್‌ಟಿ ₹126. ವರ್ಷದ ದುಡ್ಡನ್ನು ಒಟ್ಟಿಗೇ ಕಟ್ಟಿದ್ದರಿಂದ ನಡುವೆ ಬಿಡುವ ಹಾಗೂ ಇರಲಿಲ್ಲ. ಮಹಡಿಯ ಹಿಂದಿನ ಕೋಣೆಗೆ ವೈಫೈ ಸರಿಯಾಗಿ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮಾಡಿದ ಖರ್ಚಿದು. ವರ್ಷ ಮುಗಿಯುತ್ತ ಬಂದರೂ ಆ ಕೋಣೆಗೆ ವೈಫೈ ಬರಲಿಲ್ಲ.

ಇದನ್ನು ಬರೆಯಲು ಕಾರಣವಿದೆ. ಇದೇ ಖರ್ಚು ನಮ್ಮ ನೆಂಟರಿಷ್ಟರ ಎಷ್ಟೋ ಮನೆಗಳಲ್ಲಿ ಆಗುತ್ತಿದೆ. ಸಿಗ್ನಲ್ ಇಲ್ಲ ಎಂದ ಕೂಡಲೇ ದೊಡ್ಡ ಪ್ಲಾನ್ ಹಾಕಿಸುತ್ತಾರೆ. ಪ್ಲಾನಿಗೂ ಸಿಗ್ನಲ್ಲಿಗೂ ಸಂಬಂಧವಿದೆಯೇ ಎಂದು ಯಾರೂ ಕೇಳುವುದಿಲ್ಲ, ಹೇಳಬೇಕಾದವರು ಹೇಳುವುದೂ ಇಲ್ಲ.

ನಮ್ಮದು ಮೈಸೂರಿನಲ್ಲಿ 30×40 ಸೈಟಿನ ಮನೆ. ತೊಂಬತ್ತರ ದಶಕದಲ್ಲಿ ಮಾವ ಕಟ್ಟಿಸಿದ್ದು. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ನಡುವೆ ಆರ್‌ಸಿಸಿ ತಾರಸಿ. ಫೈಬರ್ ಹಾಕಲು ಬಂದ ಹುಡುಗ ಮುಂಬಾಗಿಲ ಪಕ್ಕದ ಗೋಡೆಗೆ ತೂತು ಕೊರೆದು, ಅಲ್ಲಿಂದ ಒಂದು ಮೊಳ ದೂರದಲ್ಲಿದ್ದ ಟಿವಿ ಶೋಕೇಸಿನೊಳಗೆ ರೂಟರ್ ಕೂರಿಸಿ ಹೋಗಿದ್ದ. ಅದರ ಒಂದು ಮಗ್ಗುಲಿಗೆ ಟಿವಿ, ಇನ್ನೊಂದು ಮಗ್ಗುಲಿಗೆ ಅತ್ತೆಯವರ ಹಿತ್ತಾಳೆ ದೀಪಗಳು. ನನ್ನ ಯಜಮಾನರ ಆಫೀಸು ಕೆಲಸ, ಪಿಯುಸಿ ಓದುವ ಮಗಳ ಸಿಇಟಿ ಕ್ಲಾಸು ಎರಡೂ ನಡೆಯುವುದು ಮಹಡಿಯ ಹಿಂಬದಿಯಲ್ಲಿ. ಅಂದರೆ ಮನೆಯಲ್ಲಿ ರೂಟರಿನಿಂದ ಅತಿ ದೂರದ ಜಾಗವೇ ನಮಗೆ ಅತಿ ಅಗತ್ಯದ ಜಾಗ.

ಕಸ್ಟಮರ್ ಕೇರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: "ಮೇಡಂ, ನಿಮ್ಮದು ನೂರರ ಪ್ಲಾನ್. ಮನೇಲಿ ಇಷ್ಟು ಜನ ಯೂಸ್ ಮಾಡ್ತೀರ. ಮುನ್ನೂರರದ್ದು ತಗೊಳ್ಳಿ, ಮೇಲಕ್ಕೂ ಚೆನ್ನಾಗಿ ಬರುತ್ತೆ." ಮಗಳ ಪರೀಕ್ಷೆ ಹತ್ತಿರವಿತ್ತು, ಕಟ್ಟಿದೆವು. ಕೆಳಗೆ ಹಾಲಿನಲ್ಲಿ ವೇಗ 280ರವರೆಗೆ ಹೋಯಿತು. ಮೇಲಿನ ಕೋಣೆಯಲ್ಲಿ 6 ಅಥವಾ 7. ಹಳೆಯ ಪ್ಲಾನಿನಲ್ಲೂ ಅಲ್ಲಿ ಬರುತ್ತಿದ್ದದ್ದು ಅಷ್ಟೇ.

ಕೊನೆಗೆ ಸರಿಯಾದ ಪ್ರಶ್ನೆ ಕೇಳಿದವನು ಇನ್ವರ್ಟರ್ ವೈರಿಂಗಿಗೆಂದು ಬಂದ ಎಲೆಕ್ಟ್ರಿಷಿಯನ್. "ಕೆಳಗೆ ಎಷ್ಟು ಬರುತ್ತೆ, ಮೇಲೆ ಎಷ್ಟು ಬರುತ್ತೆ, ಎರಡೂ ನೋಡಿದ್ರಾ ಮೇಡಂ?" ಎಂದ. ಕೆಳಗೆ ಪೂರ್ತಿ ಬಂದು ಮೇಲೆ ಬಾರದಿದ್ದರೆ ಕಂಪನಿಯ ಲೈನು ಸರಿಯಿದೆ, ತೊಂದರೆ ಮನೆಯೊಳಗಿದೆ. ಮಹಡಿಯ ನಲ್ಲಿ ಕಟ್ಟಿಕೊಂಡಿರುವಾಗ ಬೀದಿಯಿಂದ ಸಂಪಿಗೆ ಬರುವ ಪೈಪನ್ನು ದಪ್ಪದ್ದು ಹಾಕಿಸಿದರೆ ಏನೂ ಆಗುವುದಿಲ್ಲವಲ್ಲ, ಇದೂ ಹಾಗೆ. ನಾವು ತಿಂಗಳು ತಿಂಗಳು ದುಡ್ಡು ಕೊಡುವುದು ರೂಟರಿನವರೆಗೆ ಬರುವ ವೇಗಕ್ಕೆ. ಅಲ್ಲಿಂದಾಚೆ ಗೋಡೆ, ತಾರಸಿ ದಾಟಿಸುವ ಹೊಣೆ ಪ್ಲಾನಿನದಲ್ಲ.

ಮೊಬೈಲಿನಲ್ಲಿ ವೈಫೈ ಅನಲೈಸರ್ ಥರದ ಉಚಿತ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ. ಎಲ್ಲರೂ ಮಾಡಬಹುದಾದ ಕೆಲಸ. ಸಿಗ್ನಲ್ಲಿನ ಬಲ ಹಾಲಿನಲ್ಲಿ ಮೈನಸ್ 40 ಡಿಬಿಎಂ ಆಸುಪಾಸು. ಮೆಟ್ಟಿಲ ತಿರುವಿನಲ್ಲಿ ಮೈನಸ್ 58. ಹಿಂದಿನ ಕೋಣೆಯ ಮೇಜಿನ ಮೇಲೆ ಮೈನಸ್ 84. ಈ ಡಿಬಿಎಂ ಲೆಕ್ಕದಲ್ಲಿ 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತನೇ ಒಂದು. 58ರಿಂದ 84ಕ್ಕೆ 26ರ ಇಳಿತ. ಮೆಟ್ಟಿಲ ತಿರುವಿನಲ್ಲಿದ್ದ ಸಿಗ್ನಲ್ಲಿನ ಸುಮಾರು 400ರಲ್ಲಿ ಒಂದು ಪಾಲು ಮಾತ್ರ ಮಗಳ ಮೇಜು ಮುಟ್ಟುತ್ತಿತ್ತು. ವಿಡಿಯೊ ಸರಾಗವಾಗಿ ನಡೆಯಲು ಮೈನಸ್ 67ರ ಸುತ್ತಮುತ್ತ ಇದ್ದರೆ ಒಳ್ಳೆಯದು. 80 ದಾಟಿದರೆ ಯಾವ ಪ್ಲಾನೂ ಕೆಲಸಕ್ಕೆ ಬರುವುದಿಲ್ಲ.

ಮನೆಯ ವೈಫೈ ಸಾಮಾನ್ಯವಾಗಿ ಬರುವುದು ಎರಡು ಬ್ಯಾಂಡಿನಲ್ಲಿ, 5 ಮತ್ತು 2.4 ಗಿಗಾಹರ್ಟ್ಸ್. 5ರದ್ದು ವೇಗ ಹೆಚ್ಚು, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಕಬ್ಬಿಣದ ಸರಳು ಹಾಸಿದ ತಾರಸಿಯಂತೂ ಅದಕ್ಕೆ ದೊಡ್ಡ ಅಡ್ಡಿ. ಆಗ ಫೋನು 2.4ಕ್ಕೆ ಇಳಿಯುತ್ತದೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಆ ಮೂರರಲ್ಲೇ ಜಾಗ ಹಂಚಿಕೊಳ್ಳಬೇಕು.

ಈಗ ಲೆಕ್ಕಕ್ಕೆ ಬರೋಣ. ಮೊದಲು ನಮಗೆ ಬೇಕಾದ್ದು ಎಷ್ಟು? ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಸಾಕು. ಕೆಳಗೆ ಟಿವಿಯಲ್ಲಿ 4ಕೆ ಸಿನಿಮಾ ಓಡುತ್ತಿದೆ ಎನ್ನಿ, 15. ಮಗಳ ಕ್ಲಾಸು 5. ಯಜಮಾನರ ಮೀಟಿಂಗಿಗೆ 4 ಹಿಡಿಯಿರಿ. ಇನ್ನೆರಡು ಮೊಬೈಲಿನಲ್ಲಿ ವಿಡಿಯೊ, 10. ಎಲ್ಲ ಒಂದೇ ಹೊತ್ತಿಗೆ ನಡೆದರೂ 34. ನೂರರ ಪ್ಲಾನಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಬಳಸುತ್ತಿದ್ದ ಮನೆಗೆ ಮುನ್ನೂರರ ಪ್ಲಾನ್ ಮಾರಿದ್ದಾರೆ.

ದೊಡ್ಡ ಪ್ಲಾನಿನ ಹೆಚ್ಚುವರಿ ಖರ್ಚು ತಿಂಗಳಿಗೆ ₹826. ವರ್ಷಕ್ಕೆ ₹9,912. ಒಮ್ಮೆ ಏರಿಸಿದ ಪ್ಲಾನನ್ನು ಯಾರೂ ಸುಲಭಕ್ಕೆ ಇಳಿಸುವುದಿಲ್ಲವಾದ್ದರಿಂದ ಮೂರು ವರ್ಷದ ಲೆಕ್ಕ ಹಿಡಿಯುವುದೇ ನ್ಯಾಯ: ₹29,736. ಅದೇ ₹826ನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿದ್ದರೆ, ಶೇ 6.5ರ ಬಡ್ಡಿ ಎಂದರೂ, ಮೂರು ವರ್ಷದ ಕೊನೆಗೆ ಅಸಲಿನ ಮೇಲೆ ಇನ್ನೂ ₹3,000ದಷ್ಟು ಬರುತ್ತಿತ್ತು.

ನಾವು ಆಮೇಲೆ ಮಹಡಿಗೆ ಕೇಬಲ್ ಎಳೆದು ಅಲ್ಲಿ ಎರಡನೇ ರೂಟರ್ ಇಟ್ಟೆವು. ಅದರ ಖರ್ಚು ಹೀಗಿದೆ. ಗಿಗಾಬಿಟ್ ಪೋರ್ಟ್ ಇರುವ ವೈಫೈ 6 ರೂಟರ್ ₹2,400. 20 ಮೀಟರ್ ಕ್ಯಾಟ್ 6 ಕೇಬಲ್, ಮೀಟರಿಗೆ ₹25ರಂತೆ ₹500. ಕನೆಕ್ಟರ್ ಮತ್ತು ಎಲೆಕ್ಟ್ರಿಷಿಯನ್ ಕೂಲಿ ₹600. ಒಟ್ಟು ₹3,500. ಎರಡನೇ ರೂಟರ್ ಹಗಲೂ ರಾತ್ರಿ ಉರಿಯುತ್ತದೆ, ಆ ಕರೆಂಟನ್ನೂ ಸೇರಿಸಬೇಕು: 8 ವಾಟ್ ಎಂದರೆ ವರ್ಷಕ್ಕೆ ಸುಮಾರು 70 ಯೂನಿಟ್, ಯೂನಿಟ್‌ಗೆ ₹6 ಹಿಡಿದರೆ ₹420, ಮೂರು ವರ್ಷಕ್ಕೆ ₹1,260. ಎಲ್ಲ ಸೇರಿ ಮೂರು ವರ್ಷಕ್ಕೆ ₹4,760. ದೊಡ್ಡ ಪ್ಲಾನಿಗಿಂತ ₹24,976 ಕಡಿಮೆ. ಮೇಲಿನ ಕೋಣೆಗೆ ನಿಜವಾಗಿ ವೇಗ ಸಿಕ್ಕಿದ್ದು ಈ ಅಗ್ಗದ ದಾರಿಯಿಂದ.

ಕೇಬಲ್ ಎಳೆಯಲು ಗೋಡೆ ಒಡೆಯಲಿಲ್ಲ. ಹಳೆಯ ಕೇಬಲ್ ಟಿವಿಯ ತಂತಿ ಹಾಲಿನಿಂದ ಮಹಡಿಗೆ ಪೈಪಿನೊಳಗೆ ಹೋಗಿತ್ತು, ಡಿಶ್ ಬಂದ ಮೇಲೆ ಹಾಗೇ ಉಳಿದಿತ್ತು. ಎಲೆಕ್ಟ್ರಿಷಿಯನ್ ಆ ತಂತಿಯ ಕೆಳತುದಿಗೆ ಹೊಸ ಲ್ಯಾನ್ ಕೇಬಲನ್ನು ಇನ್ಸುಲೇಷನ್ ಟೇಪಿನಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದ. ಅವನ ಹುಡುಗ ಮೇಲಿನಿಂದ ಹಳೆಯ ತಂತಿ ಎಳೆದ ಹಾಗೆ ಹೊಸದು ಪೈಪಿನೊಳಗೆ ಏರಿಹೋಯಿತು. ತಿರುವಿನಲ್ಲಿ ಸಿಕ್ಕಿಕೊಂಡಾಗ ಕೆಳಗಿನಿಂದ ಸ್ವಲ್ಪ ಸಡಿಲ ಬಿಟ್ಟು ಮತ್ತೆ ಎಳೆದರು. ಮೇಲೆ ಬಂದ ತುದಿಯನ್ನು ಹೊಸ ರೂಟರಿಗೆ ಹಾಕಿ, ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಮಾಡಿ, ಎರಡೂ ರೂಟರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟೆವು. 2.4ರ ಚಾನೆಲ್ ಕೆಳಗಿನದಕ್ಕೆ 1, ಮೇಲಿನದಕ್ಕೆ 11. ಮಗಳ ಮೇಜಿನ ಮೇಲೆ ಈಗ ಮೈನಸ್ 45. ಪ್ಲಾನನ್ನು ನವೀಕರಿಸುವಾಗ ನೂರಕ್ಕೇ ಇಳಿಸಿದೆವು. ಮೇಲೆ ವೇಗ 90ಕ್ಕಿಂತ ಕೆಳಗೆ ಬರುವುದಿಲ್ಲ.

ಈ ನಡುವೆ ಎಲ್ಲರೂ ಹೇಳುವ ಇನ್ನೊಂದು ವಸ್ತುವಿದೆ: ಸ್ವಿಚ್ ಬೋರ್ಡಿಗೆ ಸಿಕ್ಕಿಸುವ ರಿಪೀಟರ್. ಆನ್‌ಲೈನಿನಲ್ಲಿ ಸಾವಿರ, ಸಾವಿರದೈನೂರಕ್ಕೆ ಸಿಗುತ್ತದೆ, ಡಬ್ಬಿಯ ಮೇಲೆ 300 ಎಂಬಿಪಿಎಸ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ದಯವಿಟ್ಟು ಕೊಳ್ಳಬೇಡಿ. ಅಗ್ಗದ ರಿಪೀಟರಿನಲ್ಲಿರುವುದು ಒಂದೇ ರೇಡಿಯೊ. ಅದೇ ಚಾನೆಲಿನಲ್ಲಿ ಕೇಳಬೇಕು, ಅದೇ ಚಾನೆಲಿನಲ್ಲಿ ಮತ್ತೆ ಹೇಳಬೇಕು. ವೇಗ ಅಲ್ಲೇ ಅರ್ಧವಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಜನ ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸುತ್ತಾರೆ. ಅಲ್ಲಿಗೆ ಬಂದು ಮುಟ್ಟುವುದೇ ಮೈನಸ್ 84 ಎಂದಾದರೆ ಅದು ಮರುಪ್ರಸಾರ ಮಾಡುವುದಾದರೂ ಏನನ್ನು? ಫೋನಿನಲ್ಲಿ ಮಾತ್ರ ಕಡ್ಡಿಗಳು ತುಂಬಿ ಕಾಣುತ್ತವೆ. ಆ ಕಡ್ಡಿ ಹೇಳುವುದು ಫೋನಿಗೂ ರಿಪೀಟರಿಗೂ ನಡುವಿನ ಸಿಗ್ನಲ್ಲನ್ನು, ಇಂಟರ್‌ನೆಟ್ಟನ್ನಲ್ಲ. ಕಡ್ಡಿ ತೋರಿಸಿ ದುಡ್ಡು ತೆಗೆದುಕೊಳ್ಳುವ ಈ ವ್ಯಾಪಾರ ನನಗೆ ಸಿಟ್ಟು ತರಿಸುತ್ತದೆ. ಕೊಳ್ಳುವವರು ಹೆಚ್ಚಾಗಿ ಮಕ್ಕಳ ಓದಿಗೆಂದು ಹೇಗೋ ಹೊಂದಿಸಿ ಕೊಳ್ಳುವವರು.

ರೂಟರಿನ ಡಬ್ಬಿಯ ಮೇಲಿನ ಅಂಕಿಯನ್ನೂ ನಂಬಬೇಡಿ. ಎಸಿ1200 ಎಂದರೆ ಎರಡು ಬ್ಯಾಂಡಿನ ಕಾಗದದ ಮೇಲಿನ ವೇಗಗಳನ್ನು, ಸುಮಾರು 300 ಮತ್ತು 867ನ್ನು, ಕೂಡಿ ಬರೆದದ್ದು. ನಿಮ್ಮ ಫೋನು ಒಂದು ಹೊತ್ತಿಗೆ ಒಂದು ಬ್ಯಾಂಡಿನಲ್ಲಿರುತ್ತದೆ. ನೋಡಬೇಕಾದ್ದು ಹಿಂಬದಿಯ ಪೋರ್ಟು. ಅಗ್ಗದ ಎಷ್ಟೋ ರೂಟರ್‌ಗಳಲ್ಲಿ ಅದು 10/100ರದ್ದು. ಅದರ ಮೂಲಕ ಹೋದರೆ ಮುನ್ನೂರರ ಪ್ಲಾನೂ ನೂರರೊಳಗೇ ನಿಲ್ಲುತ್ತದೆ. ಆಂಟೆನಾ ಎಷ್ಟಿವೆ ಎಂದು ಎಣಿಸುವ ಬದಲು ಇದನ್ನು ಕೇಳಿ ಕೊಳ್ಳಿ.

ಬಾಡಿಗೆ ಮನೆಯವರಿಗೆ, ಪೈಪು ಸಿಗದವರಿಗೆ ಮೆಶ್, ಅಂದರೆ ತಂತಿಯಿಲ್ಲದೆ ಒಂದಕ್ಕೊಂದು ಕೂಡಿ ಕೆಲಸ ಮಾಡುವ ರೂಟರ್‌ಗಳ ಜೋಡಿ, ಆಗಬಹುದು. ಎರಡನೆಯದನ್ನು ದಾರಿಯ ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಇಡಿ. ಕಂಪನಿಯವರು ತಿಂಗಳ ಬಾಡಿಗೆಗೆ ಕೊಡುತ್ತೇವೆಂದರೆ ಗುಣಿಸಿ ನೋಡಿ: ತಿಂಗಳಿಗೆ ₹100 ಎಂದರೆ ಜಿಎಸ್‌ಟಿ ಸೇರಿ ವರ್ಷಕ್ಕೆ ₹1,416. ಎರಡೂವರೆ ವರ್ಷಕ್ಕೆ ನಮ್ಮ ರೂಟರ್, ಕೇಬಲ್, ಕೂಲಿ ಎಲ್ಲದರ ಖರ್ಚನ್ನೂ ದಾಟುತ್ತದೆ, ವಸ್ತು ಮಾತ್ರ ನಿಮ್ಮದಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದಕ್ಕೆ ಒಂದು ರೂಪಾಯಿಯೂ ಬೇಡ. ರೂಟರನ್ನು ಶೋಕೇಸಿನಿಂದ ಹೊರಗೆ ತನ್ನಿ, ಎತ್ತರದಲ್ಲಿಡಿ. ಫ್ರಿಜ್ಜು, ಗಾಡ್ರೇಜು, ನಿಲುಗನ್ನಡಿಗಳಿಂದ ದೂರವಿಡಿ. ಲೋಹ ಸಿಗ್ನಲ್ಲನ್ನು ತಡೆಯುತ್ತದೆ. ಮಹಡಿ ಮನೆಯಾದರೆ ಮೆಟ್ಟಿಲ ಬಳಿ ಇಟ್ಟು ನೋಡಿ, ತಾರಸಿಯಲ್ಲಿ ತೆರೆದ ಜಾಗವಿರುವುದು ಅಲ್ಲೊಂದೇ ಕಡೆ. ಪುತ್ತೂರಿನಲ್ಲಿರುವ ನನ್ನ ಅಕ್ಕನ ಮನೆ ಮುರಕಲ್ಲಿನದು, ದಪ್ಪ ಗೋಡೆ, ಉದ್ದಕ್ಕೆ ಸಾಲು ಕೋಣೆ. ಅಲ್ಲಿ ರೂಟರನ್ನು ಚಾವಡಿಯ ಮೂಲೆಯಿಂದ ನಡುಕೋಣೆಯ ಬಾಗಿಲ ಮೇಲಿನ ಹಲಗೆಗೆ ಸರಿಸಿದ್ದಷ್ಟೇ, ಅಡುಗೆಮನೆಯವರೆಗೂ ವಿಡಿಯೊ ಕಾಲ್ ನಿಲ್ಲದೆ ನಡೆಯುತ್ತದೆ. ಆ ಕಡೆಯವರಿಗೆ ಇನ್ನೊಂದು ಮಾತು: ಗುಡುಗು ಸಿಡಿಲಿನ ದಿನ ರೂಟರಿನ ಅಡಾಪ್ಟರನ್ನು ಪ್ಲಗ್ಗಿನಿಂದ ತೆಗೆಯಿರಿ, ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ತಾಮ್ರದ ಲ್ಯಾನ್ ಕೇಬಲನ್ನು ಬಯಲಿನಲ್ಲಿ ಎಳೆಯಬೇಡಿ.

ಮನೆ ಕಟ್ಟಿಸುತ್ತಿರುವವರು ಮೋಲ್ಡ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ, ಪ್ರತಿ ಮಹಡಿಗೆ ಒಂದು ಖಾಲಿ ಪೈಪು ಬಿಡಿಸಿ. ಆಗ ತಗಲುವುದು ಪೈಪಿನ ಬೆಲೆ ಮಾತ್ರ. ಆಮೇಲೆ ಮಾಡಿಸಿದರೆ ಗೋಡೆ ಕೊರೆದು, ಗಾರೆ ಮೆತ್ತಿ, ಬಣ್ಣ ಹೊಡೆಯುವವರೆಗೂ ಖರ್ಚು ಬೆಳೆಯುತ್ತದೆ.

ಇಷ್ಟೆಲ್ಲ ಹೇಳಿದ್ದು ರೂಟರಿನ ಸಲುವಾಗಿ ಮಾತ್ರ ಅಲ್ಲ. ಒಮ್ಮೆಗೇ ₹3,500 ಕೊಡುವಾಗ ನಾವು ಹತ್ತು ಸಲ ಯೋಚಿಸುತ್ತೇವೆ, ನಾಲ್ಕು ಅಂಗಡಿ ವಿಚಾರಿಸುತ್ತೇವೆ. ತಿಂಗಳಿಗೆ ₹826 ಎಂದರೆ ಯೋಚನೆಯೇ ಇಲ್ಲ, ಆಟೊಪೇ ಹಾಕಿ ಮರೆಯುತ್ತೇವೆ. ಒಮ್ಮೆ ಕೊಟ್ಟ ದುಡ್ಡು ಅಲ್ಲಿಗೆ ಮುಗಿಯಿತು. ತಿಂಗಳ ದುಡ್ಡು ಮುಗಿಯುವುದಿಲ್ಲ. ಮನೆಯ ಉಳಿತಾಯ ಕರಗುತ್ತಿರುವುದು ಇಂಥ ತಿಂಗಳ ಕಂತುಗಳಲ್ಲೇ: ಇಂಟರ್‌ನೆಟ್, ಒಟಿಟಿ, ಬಳಸದ ಆ್ಯಪ್‌ಗಳ ಚಂದಾ. ಮಾರ್ಚ್ ತಿಂಗಳಲ್ಲಿ ತೆರಿಗೆಯ ಕಾಗದಗಳನ್ನು ಹೊಂದಿಸುವಾಗಲೇ ಬ್ಯಾಂಕಿನ ಆ್ಯಪ್ ತೆರೆದು ಆಟೊಪೇ ಪಟ್ಟಿಯನ್ನೂ ನೋಡಿ. ಒಂದೊಂದನ್ನೂ 36ರಿಂದ ಗುಣಿಸಿ ಪಕ್ಕದಲ್ಲಿ ಬರೆಯಿರಿ. ಮನೆಯವರೆಲ್ಲ ಕೂತು ನೋಡಲಿ, ಮಕ್ಕಳೂ ನೋಡಲಿ.

ಇನ್ನು ಕಂಪನಿಯವರು ಫೋನ್ ಮಾಡಿ ದೊಡ್ಡ ಪ್ಲಾನ್ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ರೂಟರಿನ ಪಕ್ಕದಲ್ಲಿ ಪೂರ್ತಿ ವೇಗ ಬರುತ್ತಿದೆ, ಕೋಣೆಯಲ್ಲಿ ಬರುತ್ತಿಲ್ಲ, ನಿಮ್ಮ ಪ್ಲಾನ್ ಇದನ್ನು ಹೇಗೆ ಸರಿಮಾಡುತ್ತದೆ? ಅದಕ್ಕೆ ನೇರವಾದ ಉತ್ತರ ಸಿಗುವವರೆಗೆ ಹಣ ಕಟ್ಟಬೇಡಿ.